ಪರ್ಜ್: ತೆಗೆಯಬೇಕಾದದ್ದು ಏನನ್ನು, ಯಾರನ್ನು?

(ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ. ವಾಕ್ಯಭಾಗ: ಕೀರ್ತನೆ 51:7–12, ಮಾರ್ಕ 5:25–34)

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಕೀರ್ತನೆ 51 ತೆಗೀರಿ. ಈಗಷ್ಟೇ ನಮ್ಮ ತಂಗಿ ಓದಿದ ಭಾಗ, ಏಳನೇ ವಚನದಿಂದ. ಹೋದ ಬುಧವಾರ ಬೈಬಲ್ ಸ್ಟಡಿ ಮುಗಿದ ಮೇಲೆ ಒಬ್ಬ ತಮ್ಮ ಫೋನ್ ಹಿಡ್ಕೊಂಡು ಬಂದ. "ಪಾಸ್ಟರ್, ಕಿಂಗ್ ಜೇಮ್ಸ್ ಭಾಷಾಂತರದಲ್ಲಿ ಇಲ್ಲಿ 'ಪರ್ಜ್' ಅಂತಿದೆ. ಕನ್ನಡದಲ್ಲಿ ನೋಡಿದ್ರೆ ಒಂದು ಕಡೆ ತೆಗೆ, ಒಂದು ಕಡೆ ತೊಳೆ, ಇನ್ನೊಂದು ಕಡೆ ಶುದ್ಧಿಮಾಡು. ಎಲ್ಲಾ ಒಂದೇನಾ?" ಅಂದ. ಒಳ್ಳೇ ಪ್ರಶ್ನೆ. ಉತ್ತರ ಹುಡುಕ್ತಾ ಹೋದೆ, ಅದೇ ಇವತ್ತಿನ ಸಂದೇಶ ಆಯ್ತು.

ಈ 'ಪರ್ಜ್' ಅನ್ನೋ ಮಾತು ನಿಮಗೆ ಹೊಸದಲ್ಲ. ಐಟಿಯಲ್ಲಿ ಕೆಲಸ ಮಾಡೋರು ದಿನಾ ಕೇಳ್ತೀರಿ. ಹಳೆ ಡೇಟಾ ಪರ್ಜ್ ಮಾಡು, ಕ್ಯೂ ಪರ್ಜ್ ಮಾಡು. ಕಾನೂನು ಓದಿರೋರಿಗೆ ಗೊತ್ತು, ನ್ಯಾಯಾಲಯ ನಿಂದನೆ ಮಾಡಿದವನು ಆದೇಶ ಪಾಲಿಸಿ ಕ್ಷಮೆ ಕೇಳಿ ಆ ನಿಂದನೆಯನ್ನು 'ಪರ್ಜ್' ಮಾಡ್ಕೋಬಹುದು. ಮೂಲ ಲ್ಯಾಟಿನ್. ಶುದ್ಧ ಅನ್ನೋ ಪದಕ್ಕೆ ನಡೆಸು, ಮಾಡು ಅನ್ನೋ ಪದ ಸೇರಿ ಆಗಿದ್ದು. ಇತಿಹಾಸದಲ್ಲಿ ಇದೇ ಪದಕ್ಕೆ ರಕ್ತ ಅಂಟಿಕೊಂಡಿದೆ. 1936ರಿಂದ 1938ರವರೆಗೆ ರಷ್ಯಾದಲ್ಲಿ ಸ್ಟಾಲಿನ್ ನಡೆಸಿದ್ದನ್ನ 'ಗ್ರೇಟ್ ಪರ್ಜ್' ಅಂತಾರೆ. ಪಕ್ಷ ಶುದ್ಧಿ ಮಾಡ್ತೀವಿ ಅಂತ ಹೇಳಿ ಲಕ್ಷಾಂತರ ಜನರನ್ನು ಕೊಂದರು, ಶಿಬಿರಗಳಿಗೆ ಅಟ್ಟಿದರು. ರಷ್ಯನ್ ಭಾಷೆಯಲ್ಲಿ ಇಂಥ ಕಾರ್ಯಾಚರಣೆಗೆ ಇದ್ದ ಪದ 'ಚಿಸ್ತ್ಕಾ'. ಅದರ ಅರ್ಥ ಏನು ಗೊತ್ತಾ? ಸ್ವಚ್ಛ ಮಾಡೋದು, ಅಷ್ಟೇ. ಮನೆ ಗುಡಿಸೋಕೆ ಹೊಂದೋ ಪದ.

ಆದ್ರೆ ನನ್ನಂಥ ಹಳ್ಳಿಯವನಿಗೆ 'ಪರ್ಜ್' ಅಂದ್ರೆ ಮೊದಲು ನೆನಪಾಗೋದು ಹರಳೆಣ್ಣೆ. (ಸಭೆಯಲ್ಲಿ ನಗು) ನಗ್ತೀರಾ? ಕುಡಿದೋರಿಗೆ ಗೊತ್ತು! ಶಿರಾ ತಾಲೂಕಿನ ಪಟ್ಟನಾಯಕನಹಳ್ಳಿ ಕಡೆ ನಮ್ಮೂರು. ಕಡಲೆಕಾಯಿ ಹೊಲದಲ್ಲಿ ನಡುನಡುವೆ ಹರಳು ಗಿಡ ಹಾಕೋರು. ಮನೆಯಲ್ಲೇ ಎಣ್ಣೆ ಕಾಯಿಸೋರು. ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಮಕ್ಕಳನ್ನೆಲ್ಲಾ ಸಾಲಾಗಿ ನಿಲ್ಲಿಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸೋರು. ಮೂಗು ಹಿಡ್ಕೊಂಡು ಕುಡೀಬೇಕು. ಮಧ್ಯಾಹ್ನದ ತನಕ ಮನೆಗೂ ಬೇಲಿಗೂ ಓಡಾಟ. ಆಮೇಲೆ ಅಜ್ಜಿ ಕೂರಿಸ್ಕೊಂಡು ಮೆತ್ತಗೆ ಅನ್ನ, ತಿಳಿಸಾರು ಕಲಸಿ ತಿನ್ನಿಸೋರು. ಇಂಗ್ಲಿಷ್ ವೈದ್ಯದಲ್ಲಿ ಇದೇ ಪರ್ಗೇಟಿವ್, ಆಯುರ್ವೇದದಲ್ಲಿ ವಿರೇಚನ.

ಸ್ಟಾಲಿನ್ನನದ್ದೂ ಪರ್ಜ್, ನಮ್ಮಜ್ಜಿಯದ್ದೂ ಪರ್ಜ್. ಪದ ಒಂದೇ. ಅವನು ಮನುಷ್ಯನನ್ನೇ ತೆಗೆದ. ಅಜ್ಜಿ ಮಗುವಿನ ಹೊಟ್ಟೆಯಲ್ಲಿದ್ದದ್ದನ್ನು ತೆಗೆದಳು, ಮಗುವನ್ನು ತೊಡೆ ಮೇಲೆ ಇಟ್ಕೊಂಡಳು. ದೇವರ ವಾಕ್ಯದಲ್ಲಿ ಇರೋದು ಇದರಲ್ಲಿ ಯಾವ ಪರ್ಜ್? ನಾವು ಮಾಡ್ತಿರೋದು ಯಾವುದು? ಇದೊಂದೇ ಪ್ರಶ್ನೆ ಹಿಡ್ಕೊಂಡು ಹೋಗೋಣ.

ನಮ್ಮ ರೈತರ ಬಾಯಲ್ಲಿ ತೆಗೆಯೋದಕ್ಕೆ ಎಷ್ಟು ಮಾತಿದೆ ನೋಡಿ. ರಾಗಿ ಬಡಿದ ಮೇಲೆ ಗಾಳಿಗೆ ಹಿಡಿದು ತೂರ್ತಾರೆ. ಮೊರದಲ್ಲಿ ಕೇರ್ತಾರೆ. ಕೆರೆಯಲ್ಲಿ ಹೂಳು ಎತ್ತುತ್ತಾರೆ. ಹೊಲದಲ್ಲಿ ಕಳೆ ಕೀಳ್ತಾರೆ. ಈ 'ಕಳೆ'ಯಂತೂ ವಿಚಿತ್ರ ಪದ. ಹೊಲದಲ್ಲಿದ್ದರೆ ಬೇಡ, ಮುಖದಲ್ಲಿದ್ದರೆ ಬೇಕು. ಅದೇ ಪದ ಕ್ರಿಯೆಯಾದರೆ ಕೊಳೆಯನ್ನು ಕಳೆ, ಪಾಪವನ್ನು ಕಳೆ. ಇಷ್ಟು ಮಾತಿನಲ್ಲೂ ತೆಗೆಯೋನ ಕಣ್ಣು ಉಳಿಯೋದರ ಮೇಲೇ ಇರತ್ತೆ. ರಾಗಿ ಬೇಕು ಅಂತ ತೂರೋದು. ನೀರು ನಿಲ್ಲಬೇಕು ಅಂತ ಹೂಳೆತ್ತೋದು. ಖಾಲಿ ಕಣದಲ್ಲಿ ನಿಂತು ಯಾರೂ ತೂರಲ್ಲ.

ಈಗ ದಾವೀದನ ಹತ್ರ ಬನ್ನಿ. ಈ ಕೀರ್ತನೆ ಯಾವಾಗಿನದು ಅಂತ ಮೇಲೇ ಬರೆದಿದೆ. ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿದ ಮೇಲೆ, ಪ್ರವಾದಿ ನಾತಾನ ಬಂದು ಎಚ್ಚರಿಸಿದ ಮೇಲೆ. ಎರಡನೇ ಸಮುವೇಲ 11 ಮತ್ತು 12 ಮನೆಗೆ ಹೋಗಿ ಓದಿ. ನಾವೆಲ್ಲ ವ್ಯಭಿಚಾರದ ಭಾಗ ನೆನಪಿಟ್ಕೊಳ್ತೀವಿ. ಅದರ ನಂತರ ನಡೆದದ್ದನ್ನ ಸ್ವಲ್ಪ ನಿಧಾನಕ್ಕೆ ನೋಡಿ. ಆಕೆ ಗರ್ಭಿಣಿ ಅಂತ ಸುದ್ದಿ ಬಂತು. ದಾವೀದ ಮಾಡಿದ್ದೇನು? 'ಕ್ಲೀನ್ ಅಪ್'. ಮೊದಲು ಊರೀಯನನ್ನು ಯುದ್ಧದಿಂದ ಕರೆಸಿ ಮನೆಗೆ ಕಳಿಸೋಕೆ ನೋಡಿದ. ಅವನು ಮನೆಗೆ ಹೋಗಲಿಲ್ಲ. ಸೇವಕರ ಜೊತೆ ಬಾಗಿಲ ಹತ್ರ ಮಲಗಿದ. ಕುಡಿಸಿ ನೋಡಿದ, ಆಗಲೂ ಹೋಗಲಿಲ್ಲ. ಕೊನೆಗೆ ಒಂದು ಪತ್ರ ಬರೆದು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ಇವನನ್ನು ಕಾಳಗ ಜೋರಾಗಿರೋ ಕಡೆ ಮುಂದೆ ನಿಲ್ಲಿಸಿ ಹಿಂದೆ ಸರಿಯಿರಿ ಅಂತ.

ಅಂದ್ರೆ ದಾವೀದ ಮೊದಲು ಮಾಡಿದ ಪರ್ಜ್ ಇದು. ಪಾಪ ಒಳಗೇ ಇತ್ತು, ಮನುಷ್ಯನನ್ನು ತೆಗೆದ. ಊರೀಯ ಹೋದ, ವಿಷಯ ಮುಗೀತು, ಅರಮನೆ ಸ್ವಚ್ಛ! ತಿಂಗಳುಗಟ್ಟಲೆ ಎಲ್ಲಾ ಸ್ವಚ್ಛವಾಗೇ ಕಾಣ್ತಿತ್ತು. ದೇವರೇ ನಾತಾನನನ್ನು ಕಳಿಸಬೇಕಾಯ್ತು.

ಆಮೇಲೆ ಬಂದದ್ದು ಈ ಪ್ರಾರ್ಥನೆ. ಇಲ್ಲಿ ಕ್ರಿಯಾಪದಕ್ಕೆ ಕರ್ಮ ಬದಲಾಗಿದೆ. ವ್ಯಾಕರಣ ಮರೆತುಹೋಗಿದ್ಯಾ? ತೆಗೆ ಅಂದ್ರೆ ಯಾರನ್ನು, ಏನನ್ನು ಅನ್ನೋದೇ ಕರ್ಮ. ಮೊದಲು ಅವನ ಬಾಯಲ್ಲಿ 'ಊರೀಯನನ್ನು'. ಈಗ ಅವನ ಬಾಯಲ್ಲಿ 'ನನ್ನ ಪಾಪವನ್ನು'. ಪಶ್ಚಾತ್ತಾಪ ಅಂದ್ರೆ ಇದು, ಪ್ರಿಯರೇ. ಆಮೆನ್ ಹೇಳ್ತೀರಾ?

ಇನ್ನು ಏಳನೇ ವಚನದ ಇಬ್ರಿಯ ಪದ. ಇಬ್ರಿಯ ಭಾಷೆಯಲ್ಲಿ ಪಾಪ ಅನ್ನೋದಕ್ಕೆ ಇರೋ ಧಾತು 'ಹಟಾ'. ಗುರಿ ತಪ್ಪೋದು. ದಾವೀದ ಇಲ್ಲಿ ಉಪಯೋಗಿಸಿರೋ ಕ್ರಿಯಾಪದ ಅದೇ ಧಾತುವಿನಿಂದ ಬಂದದ್ದು, ಆದ್ರೆ ರೂಪ ಬೇರೆ, ಅರ್ಥ ತಿರುಗಿಬಿಟ್ಟಿದೆ. ಕನ್ನಡದಲ್ಲಿ ಹೇಳೋದು ಕಷ್ಟ. 'ನನ್ನನ್ನು ಪಾಪಬಿಡಿಸು' ಅಂತ ಒಂದು ಪದ ಕಟ್ಟಿದರೆ ಹತ್ತಿರ ಬರಬಹುದು. ಕಡಲೆಕಾಯಿ ಸುಲಿಯೋದು ಅಂತೀವಲ್ಲ, ಸಿಪ್ಪೆಯನ್ನು ಬಿಡಿಸಿ ಬೀಜವನ್ನು ಕೈಗೆ ತಗೊಳ್ಳೋದು, ಆ ಥರ.

ಅದೂ ಹಿಸ್ಸೋಪಿನಿಂದ. ಹಿಸ್ಸೋಪು ಸಣ್ಣ ಗಿಡ, ಅದರ ಕಡ್ಡಿಗಳನ್ನು ಕಟ್ಟಿ ಪೊರಕೆ ಥರ ಮಾಡಿ ರಕ್ತವನ್ನೋ ನೀರನ್ನೋ ಚಿಮುಕಿಸೋರು. ಐಗುಪ್ತದಲ್ಲಿ ಪಸ್ಕದ ರಾತ್ರಿ ಬಾಗಿಲಿಗೆ ರಕ್ತ ಹಚ್ಚಿದ್ದು ಇದರಿಂದಲೇ. ಧರ್ಮಶಾಸ್ತ್ರದಲ್ಲಿ ಮುಖ್ಯವಾಗಿ ಇನ್ನೆರಡು ಕಡೆ ಬರುತ್ತೆ. ಒಂದು ಯಾಜಕಕಾಂಡ 14, ಕುಷ್ಠ ವಾಸಿಯಾದವನಿಗೆ. ಇನ್ನೊಂದು ಅರಣ್ಯಕಾಂಡ 19, ಶವ ಮುಟ್ಟಿ ಅಶುದ್ಧನಾದವನಿಗೆ. ಅರಸ ಹೇಳ್ತಿದ್ದಾನೆ: ಕರ್ತನೇ, ನಾನು ಕಿರೀಟ ಹಾಕ್ಕೊಂಡಿರೋ ಕುಷ್ಠರೋಗಿ, ನನ್ನ ಕೈಗೆ ಒಂದು ಹೆಣ ಅಂಟಿದೆ.

ಆದ್ರೆ ಈ ಎರಡು ವಿಧಿಗಳೂ ಯಾತಕ್ಕಾಗಿ ಇದ್ದವು? ಹೊರಗೆ ಹಾಕೋದಕ್ಕಲ್ಲ. ಹೊರಗಿದ್ದವನನ್ನು ವಾಪಸ್ಸು ಒಳಗೆ ಕರ್ಕೊಂಡು ಬರೋದಕ್ಕೆ. ಯಾಜಕಕಾಂಡ 14:3ಕ್ಕೆ ಗೆರೆ ಹಾಕ್ಕೊಳ್ಳಿ. ಕುಷ್ಠರೋಗಿ ಪಾಳೆಯದ ಒಳಗೆ ಬರೋ ಹಾಗಿಲ್ಲ, ಸರಿ. ಹಾಗಾದ್ರೆ ವಾಸಿಯಾಗಿದೆಯೋ ಇಲ್ವೋ ಅಂತ ನೋಡೋರು ಯಾರು? ಯಾಜಕನೇ ಪಾಳೆಯದ ಹೊರಗೆ ನಡ್ಕೊಂಡು ಹೋಗಬೇಕು ಅಂತ ದೇವರ ಆಜ್ಞೆ. ಹಿಸ್ಸೋಪು ಮನೆಗೆ ಕರೆಯೋ ಗಿಡ. ಅದಕ್ಕೇ ನಾಲ್ಕು ವಚನ ಕೆಳಗೆ, 11ನೇ ವಚನದಲ್ಲಿ, ದಾವೀದ ಅಂಗಲಾಚ್ತಾನೆ, ನಿನ್ನ ಸನ್ನಿಧಿಯಿಂದ ನನ್ನನ್ನು ಎಸೆಯಬೇಡ ಅಂತ. ಪಾಪವನ್ನು ತೆಗೆ, ನನ್ನನ್ನು ತೆಗೀಬೇಡ. ಎರಡೂ ಒಂದೇ ಪ್ರಾರ್ಥನೆಯಲ್ಲಿದೆ.

ಹೊರಗೆ ಕೂತವರ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ನಿಮ್ಮಲ್ಲಿ ಎಷ್ಟೋ ಜನ ನಮ್ಮ ಕಡೆಯಿಂದಲೇ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಿಂದ ಬಂದು ಪೀಣ್ಯ, ದಾಸರಹಳ್ಳಿ, ನೆಲಮಂಗಲದಲ್ಲಿ ರೂಮು ಮಾಡ್ಕೊಂಡಿದ್ದೀರಿ. ನಮ್ಮ ಕಡೆಯ ಗೊಲ್ಲರಹಟ್ಟಿಗಳು ನಿಮಗೆ ಗೊತ್ತು. ಮುಟ್ಟಾದ ಹೆಣ್ಣುಮಕ್ಕಳು, ಹೆರಿಗೆಯಾದ ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕು ಅನ್ನೋ ಕಟ್ಟಳೆ ಇನ್ನೂ ಪೂರ್ತಿ ಹೋಗಿಲ್ಲ. ದೇವರಿಗೆ ಆಗಲ್ಲ, ಸೂತಕ, ಅಂತಾರೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಒಬ್ಬ ಬಾಣಂತಿ ಹಸುಗೂಸಿನ ಜೊತೆ ಊರ ಹೊರಗೆ ಗುಡಿಸಲಲ್ಲಿದ್ದಳು. ಮಳೆಗಾಲ. ಶೀತಗಾಳಿ. ಮಗುವಿಗೆ ಹುಷಾರು ತಪ್ಪಿ, ಆಸ್ಪತ್ರೆಗೆ ಸೇರಿಸಿದರೂ ಉಳೀಲಿಲ್ಲ. ಪತ್ರಿಕೆಗಳಲ್ಲಿ ಓದಿರ್ತೀರಿ. 2017ರಲ್ಲೇ ನಮ್ಮ ರಾಜ್ಯ ಮಾಡಿದ ಅಮಾನವೀಯ ಅನಿಷ್ಟ ಪದ್ಧತಿಗಳ ತಡೆ ಕಾಯ್ದೆಯಲ್ಲಿ ಹೀಗೆ ಹೆಂಗಸರನ್ನು ಬೇರೆ ಇರಿಸೋದು ಅಪರಾಧ. ಕಾಯ್ದೆ ಬಂದು ಆಮೇಲೂ ಗುಡಿಸಲು ಇತ್ತು.

ಇದನ್ನು ಕೇಳಿ ಆ ಜನರನ್ನು ಕೀಳಾಗಿ ನೋಡಬೇಡಿ. ಕಾಡುಗೊಲ್ಲರ ಮನೆಗಳಲ್ಲಿ ಮಜ್ಜಿಗೆ ಕುಡಿದು ಬೆಳೆದವನು ನಾನು. ಕುರಿ ಕಾಯೋ ಜನ, ಕೊಟ್ಟ ಮಾತಿಗೆ ನಿಲ್ಲೋ ಜನ. ಹಟ್ಟಿಯಲ್ಲಿ ಓದಿದ ಹೆಣ್ಣುಮಕ್ಕಳೇ ಇವತ್ತು ಈ ಕಟ್ಟಳೆಯನ್ನ ಪ್ರಶ್ನೆ ಮಾಡ್ತಿದ್ದಾರೆ. ಅದೂ ಅಲ್ಲದೆ, ಇದು ಒಂದು ಜಾತಿಯ ಮಾತಲ್ಲ. ನಮ್ಮ ಕನ್ನಡ ಭಾಷೆಯಲ್ಲೇ ಅದು ಕೂತಿದೆ. ತಿಂಗಳ ಆ ದಿನಗಳಿಗೆ ನಮ್ಮ ತಾಯಂದಿರು ಏನು ಹೇಳ್ತಾರೆ? 'ಹೊರಗಾಗಿದ್ದಾಳೆ.' ಮನೆಯ ಮಗಳು ಮನೆಯಲ್ಲೇ ಇದ್ದರೂ, ಮಾತಿನಲ್ಲಿ ಹೊರಗೆ.

ಇನ್ನೂ ಒಂದು ಮಾತು, ಪ್ರಾಮಾಣಿಕವಾಗಿ. ಇದು ನಮ್ಮ ಬೈಬಲ್‌ನಲ್ಲೂ ಇದೆ. ಯಾಜಕಕಾಂಡ 12 ಓದಿ. ಗಂಡು ಹೆತ್ತರೆ ಏಳು ದಿನ ಅಶುದ್ಧಿ, ಮೇಲೆ 33 ದಿನ ಶುದ್ಧೀಕರಣ. ಹೆಣ್ಣು ಹೆತ್ತರೆ ಎರಡು ವಾರ, ಮೇಲೆ 66 ದಿನ. 15ನೇ ಅಧ್ಯಾಯದಲ್ಲಿ ಮುಟ್ಟಿನ ಏಳು ದಿನ. ಕೆಲವರು ಇದನ್ನ ಕೇವಲ ಆರೋಗ್ಯದ ನಿಯಮ ಅಂತ ಹೇಳಿ ಮುಂದೆ ಹೋಗ್ತಾರೆ. ನನಗೆ ಆ ವಿವರಣೆ ಸಾಲಲ್ಲ. ಅದು ಆರಾಧನೆಯ ನಿಯಮ; ದೇವರು ಪರಿಶುದ್ಧ, ಆತನ ಹತ್ತಿರ ಬರೋದು ಹಗುರವಾದ ವಿಷಯ ಅಲ್ಲ ಅಂತ ಕಲಿಸಿದ ಪಾಠ. ಗಂಡಸಿನ ದೇಹಕ್ಕೂ ಅದೇ ಅಧ್ಯಾಯದಲ್ಲಿ ನಿಯಮ ಇದೆ, ಅದನ್ನ ಯಾರೂ ಓದಲ್ಲ! ಇಷ್ಟಾಗಿ, ಆ ಪಾಠ ಎಲ್ಲಿಗೆ ಬಂದು ಮುಗಿಯುತ್ತೆ? ಲೂಕ 2ರಲ್ಲಿ ಮರಿಯಳು ತನ್ನ ಶುದ್ಧೀಕರಣದ ದಿನ ತುಂಬಿದಾಗ ದೇವಾಲಯಕ್ಕೆ ಬರ್ತಾಳೆ, ಬಡವರ ಕಾಣಿಕೆ ಪಕ್ಷಿಗಳು. ಆ ಸಾಲಿನಲ್ಲಿ ನಿಂತ ತಾಯಿಯ ಕಂಕುಳಲ್ಲಿ ಇದ್ದವನು ಯಾರು? ಹಲ್ಲೆಲೂಯಾ!

ಈಗ ಮಾರ್ಕ 5. ಹನ್ನೆರಡು ವರ್ಷ ರಕ್ತಸ್ರಾವ. ಏಳು ದಿನ ಅಲ್ಲ, ಹನ್ನೆರಡು ವರ್ಷ 'ಹೊರಗಾಗಿದ್ದ' ಹೆಂಗಸು. ಇದ್ದ ದುಡ್ಡೆಲ್ಲಾ ವೈದ್ಯರಿಗೆ ಸುರಿದಳು, ಇನ್ನೂ ಕೆಟ್ಟಿತು. ಅವಳು ಕೂತ ಚಾಪೆ ಅಶುದ್ಧ, ಮಲಗಿದ ಹಾಸಿಗೆ ಅಶುದ್ಧ, ಮುಟ್ಟಿದವರು ಸಾಯಂಕಾಲದವರೆಗೆ ಅಶುದ್ಧ. ಗುಂಪಿನಲ್ಲಿ ಬರಲೇಬಾರದು. ಬಂದಳು. ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟಿದಳು.

ಕನ್ನಡ ಬಲ್ಲವರು ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಭಾಷೆಯಲ್ಲಿ ತಿಂಗಳ ಸ್ರಾವಕ್ಕೂ 'ಮುಟ್ಟು', ಕೈ ತಾಗಿಸೋದಕ್ಕೂ 'ಮುಟ್ಟು'. ಮುಟ್ಟಾದವಳು ಮುಟ್ಟಬಾರದು. ಅದೇ ಕಟ್ಟಳೆ, ಅಲ್ವಾ? ಮುಟ್ಟಾದವಳು ಮುಟ್ಟಿದಳು. ಈ ಕಥೆ ಯಾವ ಭಾಷೆಗಿಂತಲೂ ಕನ್ನಡದಲ್ಲಿ ಜೋರಾಗಿ ಕೇಳತ್ತೆ ಅಂತ ನನಗೆ ಅನ್ನಿಸತ್ತೆ. ಕಟ್ಟಳೆ ಪ್ರಕಾರ ಏನಾಗಬೇಕಿತ್ತು? ಅವಳ ಮೈಲಿಗೆ ಯೇಸುವಿಗೆ ಹರಿಯಬೇಕಿತ್ತು. ಹರಿದದ್ದು ಉಲ್ಟಾ. ಆತನಿಂದ ಶಕ್ತಿ ಹೊರಟಿತು, ಆಕೆಯ ರಕ್ತದ ಊಟೆ ಆ ಕ್ಷಣವೇ ಬತ್ತಿತು. ಆತನ ಪರಿಶುದ್ಧತೆ ಮುಟ್ಟಿದರೆ ಕೆಡೋ ಅಂಥದ್ದಲ್ಲ, ಮುಟ್ಟಿದವರಿಗೆ ಅಂಟೋ ಅಂಥದ್ದು.

ಯೇಸು ಅಲ್ಲಿಗೇ ಸುಮ್ಮನಾಗಬಹುದಿತ್ತು. ಯಾಯೀರನ ಮಗಳು ಸಾಯ್ತಾ ಇದ್ದಾಳೆ, ಅವಸರ ಇದೆ. ಆದರೂ ನಿಂತು ತನ್ನನ್ನು ಮುಟ್ಟಿದವರು ಯಾರು ಅಂತ ಕೇಳ್ತಾನೆ. ಯಾಕೆ? ಅವಳಿಗೆ ಅವಮಾನ ಮಾಡೋಕಾ? ನೋಡಿ, ರೋಗ ಹೋಯ್ತು. ಆದ್ರೆ ಹನ್ನೆರಡು ವರ್ಷ ಇವಳನ್ನು ಹೊರಗೆ ಇಟ್ಟ ಜನಕ್ಕೆ ಅದು ಗೊತ್ತಿಲ್ಲ. ಗುಟ್ಟಾಗಿ ವಾಸಿಯಾಗಿ ಮನೆಗೆ ಹೋದರೆ ನಾಳೆಯೂ ಅವಳು ಹೊರಗೇ. ಅದಕ್ಕೆ ಎಲ್ಲರ ಮುಂದೆ ನಿಲ್ಲಿಸಿ, ಮಗಳೇ ಅಂತ ಕರೀತಾನೆ. ಮಗಳು ಅಂದಮೇಲೆ ಮನೆಯವಳು. ಊರಿನವರು ಇನ್ನು ಏನೂ ಹೇಳೋ ಹಾಗಿಲ್ಲ.

ಮಾರ್ಕ 1ರ ಕೊನೆಯಲ್ಲಿ ಇನ್ನೂ ಒಂದು ಇದೆ, ಬೇಗ ಹೇಳಿಬಿಡ್ತೀನಿ. ಕುಷ್ಠರೋಗಿ ಬಂದ, ಯೇಸು ಕೈ ಚಾಚಿ ಮುಟ್ಟಿದ, ಅವನು ಶುದ್ಧನಾದ. ಅವನು ಹೋಗಿ ಊರೆಲ್ಲಾ ಸಾರಿದ. ಪರಿಣಾಮ? ಯೇಸು ಬಹಿರಂಗವಾಗಿ ಊರೊಳಗೆ ಹೋಗೋಕೆ ಆಗದೆ ಹೊರಗೆ ನಿರ್ಜನ ಪ್ರದೇಶದಲ್ಲಿ ಇದ್ದ ಅಂತ ಬರೆದಿದೆ. ಮೊದಲು ಹೊರಗಿದ್ದವನು ಒಳಗೆ, ಒಳಗಿದ್ದವನು ಹೊರಗೆ. ಜಾಗ ಬದಲಾಯ್ತು. ಇಬ್ರಿಯರಿಗೆ 13:12ರಲ್ಲಿ ಆತನು ಊರ ಬಾಗಿಲಿನ ಹೊರಗೆ ಬಾಧೆಪಟ್ಟ ಅಂತ ಬರೆದಾಗ ಇದೇ ಪೂರ್ತಿಯಾಗತ್ತೆ. ಅಲ್ಲಿ ಶಿಲುಬೆಯ ಹತ್ತಿರ ಹುಳಿರಸದ ಸ್ಪಂಜನ್ನು ಯಾವುದರ ಮೇಲೆ ಇಟ್ಟು ಬಾಯಿಗೆ ಹಿಡಿದರು? ಯೋಹಾನ 19:29. ಹಿಸ್ಸೋಪು!

ಈಗ ನಮ್ಮ ಕಡೆ ತಿರುಗೋಣ. ಹಟ್ಟಿಯ ಗುಡಿಸಲು ನೋಡಿ ನಿಮಗೆ ಸಂಕಟ ಆಯ್ತು, ಆಗಲೇಬೇಕು. ಆದ್ರೆ ಕರ್ತನ ಭೋಜನದ ದಿನ ಹಿಂದಿನ ಸಾಲಿನಲ್ಲಿ ಕೂತು, ರೊಟ್ಟಿ ಬಂದಾಗ ತಲೆ ಅಲ್ಲಾಡಿಸಿ ಕಳಿಸಿಬಿಡೋ ಸಹೋದರಿಯರು ಬೆಂಗಳೂರಿನ ಸಭೆಗಳಲ್ಲೂ ಇದ್ದಾರೆ. ಯಾರೂ ಬೇಡ ಅಂದಿರಲ್ಲ. ಅಮ್ಮ ಹೇಳಿದ್ದು, ಅಜ್ಜಿ ಹೇಳಿದ್ದು ಒಳಗೆ ಕೂತಿದೆ. ಎಂಜಿನಿಯರ್ ಆಗಿರ್ತಾರೆ, ಟೀಮ್ ಲೀಡ್ ಆಗಿರ್ತಾರೆ, ಆ ದಿನ ಮಾತ್ರ ಮನಸ್ಸಿನೊಳಗೆ ಒಂದು ಗುಡಿಸಲು. ಸಭಾಪಾಲಕನಾಗಿ ಇವತ್ತು ಬಾಯಿಬಿಟ್ಟು ಹೇಳ್ತೀನಿ, ಯಾಕಂದ್ರೆ ಯಾರೂ ಹೇಳಲ್ಲ. ತಂಗಿ, ಅದು ಪಾಪ ಅಲ್ಲ. ಪಾಪ ಅಲ್ಲದ್ದಕ್ಕೆ ಪರ್ಜ್ ಬೇಕಾಗಿಲ್ಲ. ಕರ್ತನ ಮೇಜಿಗೆ ಬಾ.

ಇನ್ನೊಂದು ಗುಡಿಸಲು ನಿಮ್ಮ ಫೋನಿನಲ್ಲಿದೆ. ಬೇರೆ ಊರಿನ ಒಂದು ಸಭೆಯ ಹುಡುಗ ನನ್ನ ಹತ್ರ ಪ್ರಾರ್ಥನೆಗೆ ಬಂದಿದ್ದ. ಆಫೀಸ್ ಪಾರ್ಟಿಯಲ್ಲಿ ಕುಡಿದಿದ್ದ, ಯಾರೋ ಫೋಟೋ ಹಾಕಿದರು. ಆ ರಾತ್ರಿಯೇ ಯೂತ್ ಗ್ರೂಪಿನಿಂದ ಅವನನ್ನು ರಿಮೂವ್ ಮಾಡಿದರು. ಅವನು ಅಳ್ತಾ ಹೇಳಿದ್ದು: "ಅಣ್ಣಾ, ತೆಗೆದಿದ್ದಕ್ಕೆ ಬೇಜಾರಿಲ್ಲ. ನಾನು ಮಾಡಿದ್ದು ತಪ್ಪೇ. ಆದ್ರೆ ಆಮೇಲೆ ಒಬ್ಬರೂ ಫೋನ್ ಮಾಡಲಿಲ್ಲ." ಗ್ರೂಪು ಸ್ವಚ್ಛ ಆಯ್ತು. ಅವನ ಕುಡಿತ ಹಾಗೇ ಇತ್ತು. ಎಂಟು ತಿಂಗಳು ಯಾವ ಸಭೆಗೂ ಹೋಗಿರಲಿಲ್ಲ.

ಇಲ್ಲಿ ಯಾರಾದ್ರೂ ಕೇಳಬೇಕು, ಕೇಳ್ತೀರಿ ಅಂತ ಗೊತ್ತು: ಪಾಸ್ಟರ್, ಒಂದನೇ ಕೊರಿಂಥ 5ರಲ್ಲಿ ಪೌಲನೇ ಮನುಷ್ಯನನ್ನು ತೆಗೆದುಹಾಕಿ ಅಂತಾನಲ್ಲ? ಹೌದು. ಅದನ್ನ ನಾನು ಮುಚ್ಚಿಡಲ್ಲ. ತಂದೆಯ ಹೆಂಡತಿಯನ್ನು ಇಟ್ಟುಕೊಂಡವನು ಸಭೆಯಲ್ಲಿದ್ದ, ಸಭೆ ಅದರ ಬಗ್ಗೆ ದುಃಖಪಡೋದು ಬಿಟ್ಟು ಉಬ್ಬಿಕೊಂಡಿತ್ತು. ಪೌಲ ಹಳೇ ಹುಳಿಯನ್ನು ತೆಗೀರಿ ಅಂತಾನೆ, ಕಿಂಗ್ ಜೇಮ್ಸ್‌ನಲ್ಲಿ ಮತ್ತೆ 'ಪರ್ಜ್'. ದೋಸೆ ಹಿಟ್ಟು ಗೊತ್ತಲ್ಲ, ನಿನ್ನೆಯ ಒಂದು ಸೌಟು ಹೊಸದಕ್ಕೆ ಬೆರೆಸಿದರೆ ಬೆಳಗಾಗೋದರೊಳಗೆ ಪಾತ್ರೆ ಉಕ್ಕಿರತ್ತೆ. ಬಹಿರಂಗವಾಗಿ ಪಾಪ ಮಾಡಿ, ತಿದ್ದಿಕೊಳ್ಳಲ್ಲ ಅಂತ ನಿಂತವನ ವಿಷಯದಲ್ಲಿ ಸಭೆ ಸುಮ್ಮನಿರಬಾರದು. ಶಿಸ್ತು ಬೇಕು. ಬೇಡ ಅನ್ನೋರ ಜೊತೆ ನಾನಿಲ್ಲ.

ಆದ್ರೆ ಅಧ್ಯಾಯ ಪೂರ್ತಿ ಓದಿ. ಐದನೇ ವಚನದಲ್ಲಿ ಉದ್ದೇಶ ಬರೆದಿದೆ: ಅವನ ಆತ್ಮ ಉಳೀಬೇಕು ಅಂತ. ಅಜ್ಜಿಯ ಹರಳೆಣ್ಣೆ, ಕಹಿಯೇ, ಆದ್ರೆ ಮಗುವಿಗಾಗಿ. ಒಂಬತ್ತು, ಹತ್ತನೇ ವಚನದಲ್ಲಿ ಇದು ಲೋಕದವರ ವಿಷಯ ಅಲ್ಲ ಅಂತಾನೆ. ಹಾಗಾದ್ರೆ ನೀವು ಲೋಕ ಬಿಟ್ಟೇ ಹೋಗಬೇಕಾಗ್ತಿತ್ತು ಅಂತ. ಅಂದಮೇಲೆ ನಿಮ್ಮ ಆಫೀಸಿನ ಫ್ರೆಂಡನ್ನು, ಬೇರೆ ಧರ್ಮದ ರೂಮ್‌ಮೇಟನ್ನು 'ಪರ್ಜ್' ಮಾಡೋಕೆ ಈ ವಚನ ಹಿಡ್ಕೊಂಡು ಬರಬೇಡಿ. ಆಮೇಲೆ ಎರಡನೇ ಕೊರಿಂಥ 2:6ರಿಂದ 8. ಶಿಕ್ಷೆಯಾದ ಒಬ್ಬನ ಬಗ್ಗೆ ಪೌಲ ಬರೀತಾನೆ, ಆದದ್ದು ಸಾಕು, ಈಗ ಕ್ಷಮಿಸಿ, ಸಂತೈಸಿ, ಇಲ್ಲಾಂದ್ರೆ ಅವನು ದುಃಖದಲ್ಲಿ ಮುಳುಗಿಹೋದಾನು. ಇವನು ಅದೇ ಮನುಷ್ಯನೋ ಬೇರೆಯವನೋ ಅಂತ ಪಂಡಿತರಲ್ಲಿ ಚರ್ಚೆ ಇದೆ. ನನಗೆ ಅದೇ ಮನುಷ್ಯ ಅಂತ ಅನ್ನಿಸತ್ತೆ. ಬೇರೆಯವನಾದರೂ ಕೆಲಸ ಅದೇ. ಪೌಲನ ಮೊದಲ ಪತ್ರ ಓದಿ ಎರಡನೇ ಪತ್ರ ಓದದ ಸಭೆಗಳು ಬಹಳ.

ಯೋಹಾನ 15:2ರಲ್ಲೂ ಇದೇ. ಫಲ ಕೊಡೋ ಕೊಂಬೆಯನ್ನು ತಂದೆ ಶುದ್ಧಿ ಮಾಡ್ತಾನೆ, ಅಂದ್ರೆ ಸವರ್ತಾನೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಅದಕ್ಕೆ 'ಚಾಟ್ನಿ' ಅಂತಾರೆ, ತಿನ್ನೋ ಚಟ್ನಿ ಅಲ್ಲ. ಏಪ್ರಿಲ್‌ನಲ್ಲಿ ಒಂದು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ. ಚಾಟ್ನಿ ಆದ ತೋಟ ನೋಡಿದ್ರೆ ಸತ್ತೇ ಹೋಯ್ತೇನೋ ಅನ್ನಿಸತ್ತೆ. ಫಲವಿಲ್ಲದ ಕೊಂಬೆ ತೆಗೆದುಹಾಕೋ ಮಾತೂ ಅದೇ ವಚನದಲ್ಲಿದೆ, ನಾನು ಅದನ್ನ ಮೆತ್ತಗೆ ಮಾಡಲ್ಲ. ಒಂದು ಮಾತ್ರ ಗಮನಿಸಿ: ಕತ್ತರಿ ತೋಟಗಾರನಾದ ತಂದೆಯ ಕೈಯಲ್ಲಿದೆ. ಒಂದು ಕೊಂಬೆ ಇನ್ನೊಂದು ಕೊಂಬೆಯನ್ನು ಕತ್ತರಿಸೋ ತೋಟ ನಾನು ಎಲ್ಲೂ ನೋಡಿಲ್ಲ. ಮತ್ತಾಯ 13ರಲ್ಲೂ ಆಳುಗಳು ಕಳೆ ಕೀಳ್ತೀವಿ ಅಂತ ಹೊರಟಾಗ ಯಜಮಾನ ತಡೀತಾನೆ. ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತೋರಿಗೆ ಇದು ಅರ್ಥ ಆಗತ್ತೆ. ಎಳೆಯದರಲ್ಲಿ ಥೇಟ್ ರಾಗಿ ಪೈರಿನ ಹಾಗೇ ಕಾಣೋ ಹುಲ್ಲಿದೆ, ಅನುಭವ ಇದ್ದೋರ ಕೈಯೂ ತಪ್ಪತ್ತೆ.

ಒಂದು ಎಚ್ಚರಿಕೆ. ಹೊಡೆಯೋ ಗಂಡನ ಜೊತೆ, ಕಾಟ ಕೊಡೋ ಮನುಷ್ಯನ ಜೊತೆ ಇದ್ದೇ ಇರಬೇಕು ಅಂತ ಯಾರಾದ್ರೂ ಈ ಸಂದೇಶದಿಂದ ಅರ್ಥ ಮಾಡ್ಕೊಂಡ್ರೆ, ಅದು ನಾನು ಹೇಳಿದ್ದಲ್ಲ. ದಾವೀದ ಕೂಡ ಸೌಲನ ಈಟಿಯಿಂದ ತಪ್ಪಿಸ್ಕೊಂಡು ಓಡಿದ. ಓಡಬೇಕಾದವರು ಓಡಿ, ನಮ್ಮ ಹತ್ರ ಬನ್ನಿ, ಪೊಲೀಸರ ಹತ್ರ ಬೇಕಾದ್ರೂ ಜೊತೆಗೆ ಬರ್ತೀವಿ. ನಾನು ಮಾತಾಡ್ತಿರೋದು ನಮಗೆ ಅಪಾಯ ಮಾಡಿದವರ ಬಗ್ಗೆ ಅಲ್ಲ, ನಮಗೆ ಮುಜುಗರ ಮಾಡಿದವರ ಬಗ್ಗೆ. ಅವರನ್ನೇ ನಾವು ಹೆಚ್ಚಾಗಿ ತೆಗೆಯೋದು.

ಸಂಗೀತದವರು ಮೆಲ್ಲಗೆ ನುಡಿಸಿ. ಈಗ ಕರ್ತನ ಮೇಜು. ಇಬ್ರಿಯರಿಗೆ 1:3ರಲ್ಲಿ ಮಗನು ನಮ್ಮ ಪಾಪಗಳನ್ನು ಪರಿಹರಿಸಿ ತಂದೆಯ ಬಲಗಡೆ ಕೂತ ಅಂತಿದೆ. ಕೂತ ಅಂದ್ರೆ ಕೆಲಸ ಮುಗೀತು ಅಂತ. ದೇವದರ್ಶನದ ಗುಡಾರದಲ್ಲಿ ಯಾಜಕರಿಗೆ ಕುರ್ಚಿಯೇ ಇರಲಿಲ್ಲ, ಗೊತ್ತಾ? ಅವರ ಕೆಲಸ ಮುಗೀತಾನೇ ಇರಲಿಲ್ಲ.

ರೊಟ್ಟಿ ಹಂಚೋಕೆ ಮುಂಚೆ ಐದು ನಿಮಿಷ ಕೊಡ್ತೀನಿ. ಎಲ್ಲರೂ ಫೋನ್ ತೆಗೀರಿ. ಹೌದು, ಆರಾಧನೆಯಲ್ಲೇ. ನೀವು ತೆಗೆದುಹಾಕಿದ ಒಬ್ಬರ ಹೆಸರು ಹುಡುಕಿ. ಅಣ್ಣನೋ, ಹಳೇ ಫ್ರೆಂಡೋ, ಸಭೆಗೆ ಬರೋದು ನಿಲ್ಲಿಸಿದವರೋ. ಉಪದೇಶ ಬರೀಬೇಡಿ, ವಚನ ಕಳಿಸಬೇಡಿ. 'ಹೇಗಿದ್ದೀಯಾ' ಅಂತ ಬರೆದರೆ ಸಾಕು. ಬ್ಲಾಕ್ ಮಾಡಿದ್ರೆ ಮೊದಲು ಅದನ್ನ ತೆಗೀರಿ.

ಹೊರಗೆ ವರಾಂಡದಲ್ಲಿ ನಿಂತಿರೋರೂ ಒಳಗೆ ಬನ್ನಿ. ಪ್ರಾರ್ಥಿಸೋಣ.

ತಂದೆಯೇ, ಪಾಪ ಇದ್ದ ಕಡೆ ಪಾಪ ಅಂತ ಹೇಳೋ ಧೈರ್ಯ ಕೊಡು. ನಮ್ಮೊಳಗೆ ತೆಗೆಯಬೇಕಾದದ್ದನ್ನು ನೀನೇ ತೆಗೆ; ನೋವಾದರೂ ಪರವಾಗಿಲ್ಲ, ನಿನ್ನ ಸನ್ನಿಧಿಯಲ್ಲಿ ಇಟ್ಟುಕೋ. ಈ ಹೊತ್ತು ಯಾವ ಹಟ್ಟಿಯ ಹೊರಗೆ, ಯಾವ ರೂಮಿನ ಒಳಗೆ ಒಂಟಿಯಾಗಿ ಕೂತಿರೋ ನಿನ್ನ ಮಗಳನ್ನೂ ಮಗನನ್ನೂ ನೆನೆಸಿಕೋ. ಅವರ ಹತ್ತಿರ ಹೋಗೋ ಕಾಲು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.